ಪುಕ್ಕಟೆ ಪಾಠ ಸಾಮಗ್ರಿ: ನಿಮ್ಮ ಪೀರಿಯಡ್‌ಗೆ ಯಾವ ತಾಣ?

ಕ್ಲಸ್ಟರ್ ಸಭೆಯಲ್ಲಿ ಊಟದ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಸರ್, ಪಾಠಕ್ಕೆ ಯಾವ ವೆಬ್‌ಸೈಟ್ ಚೆನ್ನಾಗಿದೆ?" ಕೇಳಿದವರ ಒಂದು ಕೈಯಲ್ಲಿ ಮುದ್ದೆ, ಇನ್ನೊಂದರಲ್ಲಿ ಫೋನು. ಹೆಸರು ಹೇಳಿದರೆ ಅಲ್ಲೇ ಬುಕ್‌ಮಾರ್ಕ್ ಮಾಡಿಕೊಳ್ಳುತ್ತಾರೆ. ಆಮೇಲೆ ತೆರೆಯೋದಿಲ್ಲ. ನಾನೂ ಹಾಗೇ ಮಾಡಿದವನು. ಒಂದು ಕಾಲಕ್ಕೆ ನನ್ನ ಫೋನಿನಲ್ಲಿ ನಲವತ್ತು ಬುಕ್‌ಮಾರ್ಕ್ ಇದ್ದವು. ತರಗತಿಯವರೆಗೆ ಬಂದದ್ದು ಮೂರೋ ನಾಲ್ಕೋ.

ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರು. ವಿ.ಸಿ. ನಾಲೆ ಪಕ್ಕದ ಊರು, ಸುತ್ತ ಕಬ್ಬು, ಭತ್ತ. ಶಾಲೆಯಲ್ಲಿ ಒಂದು ಸ್ಮಾರ್ಟ್ ಟಿವಿ ಇದೆ. ನೆಟ್ ಅಂದರೆ ನನ್ನ ಫೋನಿನ ಹಾಟ್‌ಸ್ಪಾಟ್, ಅದೂ ಕಿಟಕಿ ಪಕ್ಕ ಇಟ್ಟರೆ ಮಾತ್ರ. ಅಕ್ಕ ಮೈಸೂರಿನಲ್ಲಿ ನಲಿ-ಕಲಿ ಟೀಚರ್, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಹಾಡು, ಕಾರ್ಡು, ಚಟುವಟಿಕೆಯಲ್ಲಿ ಕಲಿಸುವವಳು. ಅವಳ ಮಕ್ಕಳು ಬೇರೆ, ಅವಳ ತಾಪತ್ರಯ ಬೇರೆ. ಹಬ್ಬಕ್ಕೆ ಸೇರಿದಾಗ ನಾವಿಬ್ಬರೂ ಇದೇ ವಿಷಯಕ್ಕೆ ವಾದ ಮಾಡುತ್ತೇವೆ. ಕೆಳಗಿರುವುದರಲ್ಲಿ ಅರ್ಧ ಅವಳದು.

ಯಾವ ತಾಣ ಅಂತ ಕೇಳಿದರೆ ಈಗ ನಾನು ತಿರುಗಿ ಕೇಳುವುದು ಇಷ್ಟೇ: ಅದರಲ್ಲಿ ಸಿಗುವುದನ್ನು ಕತ್ತರಿಸಿ, ತಿದ್ದಿ, ನಿಮ್ಮ ಮಕ್ಕಳ ಅಳತೆಗೆ ಹೊಲಿಯಲು ಆಗುತ್ತದಾ? ರೆಡಿಮೇಡ್ ಅಂಗಿ ಚೆನ್ನಾಗಿಯೇ ಇರುತ್ತದೆ. ಆದರೆ ತೋಳು ಉದ್ದವಾದರೆ ಮಡಚಿಕೊಂಡೇ ತಿರುಗಬೇಕು.

ಒಂದು ಉದಾಹರಣೆ. ಎಂಟನೇ ಕ್ಲಾಸಿಗೆ ಅನುಪಾತದ ಒಂದು ವರ್ಕ್‌ಶೀಟ್ ಸಿಕ್ಕಿತ್ತು. ಬಣ್ಣ ಬಣ್ಣದ್ದು, ಚೆಂದದ್ದು. ಒಳಗೆಲ್ಲ ಸ್ಟ್ರಾಬೆರಿ, ಡಾಲರ್, ಮೈಲಿ. ಮಕ್ಕಳಿಗೆ ಲೆಕ್ಕಕ್ಕಿಂತ ಮೊದಲು ಸ್ಟ್ರಾಬೆರಿ ಅಂದರೇನು ಅಂತ ಹೇಳಬೇಕಾಯಿತು. ಮುಂದಿನ ಸಲ ಅದನ್ನೇ ಹೀಗೆ ಬದಲಾಯಿಸಿದೆ: ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕಿಲೋ ಬೆಲ್ಲ, ಎರಡು ಮುಕ್ಕಾಲು ಟನ್ನಿಗೆ ಎಷ್ಟು? ಹಿಂದಿನ ಬೆಂಚಿನಿಂದ ಒಬ್ಬ, ಅವನ ಅಪ್ಪ ಆಲೆಮನೆಯಲ್ಲಿ ಕೆಲಸ ಮಾಡುತ್ತಾರೆ, "ಸಾ, ಎಳೆ ಕಬ್ಬಾದ್ರೆ ಅಷ್ಟು ಬರಾಕಿಲ್ಲ" ಅಂದ. ಆ ಒಂದು ಮಾತಿನ ಮೇಲೆ ಉಳಿದ ಇಪ್ಪತ್ತು ನಿಮಿಷ ಪಾಠ ನಡೆಯಿತು. ಅನುಪಾತ ಯಾವಾಗ ಸರಿಹೊಂದುತ್ತದೆ, ಯಾವಾಗ ಕೈಕೊಡುತ್ತದೆ ಅಂತ. ಮೂಲ ವರ್ಕ್‌ಶೀಟ್ ತಿದ್ದಲು ಬರುವ ಫೈಲ್ ಆಗಿತ್ತು, ಅದಕ್ಕೇ ಇದೆಲ್ಲ ಆಯಿತು. ಪಿಡಿಎಫ್ ಆಗಿದ್ದರೆ ನಾನು ಸೋಮಾರಿ, ಸ್ಟ್ರಾಬೆರಿಯನ್ನೇ ತಿನ್ನಿಸುತ್ತಿದ್ದೆ.

ದೀಕ್ಷಾ ಬೇಕಾ, ಕೆಒಇಆರ್ ಬೇಕಾ?

ಕನ್ನಡ ಮಾಧ್ಯಮದ ಮೇಷ್ಟ್ರಿಗೆ ಮೊದಲು ಎದುರಾಗುವ ಆಯ್ಕೆ ಇದು.

ದೀಕ್ಷಾ ಅಂದರೆ ಶಾಲೆ ಪಾಠಗಳ ತಾಣ, ಆ್ಯಪ್ ಕೂಡ ಇದೆ. ಶುರುವಾದದ್ದು 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ದಿನ. ಕೇಂದ್ರ ಸರ್ಕಾರದ್ದು, ಎನ್‌ಸಿಇಆರ್‌ಟಿ ನೋಡಿಕೊಳ್ಳುತ್ತದೆ. ರಾಜ್ಯಗಳು ತಮ್ಮ ತಮ್ಮ ಸಾಮಗ್ರಿ ಸೇರಿಸುತ್ತವೆ. ನಮ್ಮ ಪಠ್ಯಪುಸ್ತಕದಲ್ಲಿ ಅಧ್ಯಾಯದ ಪಕ್ಕ ಚೌಕದ ಕ್ಯೂಆರ್ ಕೋಡ್ ಇರುತ್ತದಲ್ಲ, ಅದು ಇದರ ಬಾಗಿಲು. ಪುಸ್ತಕ ಹಳೆಯದಾಗಿ ಕೋಡ್ ಸವೆದುಹೋಗಿದ್ದರೆ ಅದರ ಕೆಳಗಿರುವ ಆರು ಅಕ್ಷರ-ಅಂಕಿಗಳನ್ನು ಆ್ಯಪ್‌ನಲ್ಲಿ ಟೈಪ್ ಮಾಡಿದರೂ ಅದೇ ಪಾಠ ತೆರೆಯುತ್ತದೆ. ಇದು ಎಷ್ಟೋ ಮಂದಿಗೆ ಗೊತ್ತಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲೇ ಒಬ್ಬರು ವರ್ಷಗಟ್ಟಲೆ ಕ್ಯಾಮೆರಾ ಹಿಡಿದು ಒದ್ದಾಡಿದ್ದಾರೆ.

ಇದರ ದೊಡ್ಡ ಲಾಭ, ಹುಡುಕಾಟ ಇಲ್ಲ. ನಮ್ಮ ಪುಸ್ತಕ, ನಮ್ಮ ಅಧ್ಯಾಯ, ನಮ್ಮ ಪಾರಿಭಾಷಿಕ ಪದ. ಸುಮ್ನೆ ನೋಡಲು ಲಾಗಿನ್ ಕೂಡ ಬೇಡ. ಆ್ಯಪ್‌ನೊಳಗೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓಡುತ್ತದೆ. ಬೇರೆ ಶಾಲೆಗೆ ಡೆಪ್ಯುಟೇಷನ್ ಮೇಲೆ ಹೋಗಿ, ನಾಳೆ ಬೆಳಿಗ್ಗೆ ಗೊತ್ತಿಲ್ಲದ ಪಾಠ ತೆಗೆದುಕೊಳ್ಳಬೇಕಾದವರಿಗೆ ಇದಕ್ಕಿಂತ ಬೇಗ ಸಿಗುವ ಆಸರೆ ಇಲ್ಲ. ತರಬೇತಿ ಕೋರ್ಸುಗಳೂ ಪ್ರಮಾಣಪತ್ರಗಳೂ ಅಲ್ಲೇ ಇವೆ, ಅದು ಎಲ್ಲರಿಗೂ ಗೊತ್ತು, ಬಿಡಿ.

ಆದರೆ ಅಲ್ಲಿ ಜಾಸ್ತಿ ಇರುವುದು ವಿಡಿಯೋ. ವಿಡಿಯೋ ಹಾಕಿದ ಕೂಡಲೇ ತರಗತಿ ಸಿನಿಮಾ ಟಾಕೀಸ್ ಆಗುತ್ತದೆ. ಇನ್ಯಾರೋ ಪಾಠ ಮಾಡುತ್ತಿರುತ್ತಾರೆ, ನಾನು ಮೂಲೆಯಲ್ಲಿ ನಿಂತು ರಿಮೋಟ್ ಹಿಡಿದಿರುತ್ತೇನೆ. ಪಾಠ ಮಾಡಲು ನಾನೇ ಇದ್ದೀನಲ್ಲ? ಆರು ನಿಮಿಷದ ವಿಡಿಯೋದಲ್ಲಿ ನನಗೆ ಬೇಕಾದದ್ದು ನಲವತ್ತು ಸೆಕೆಂಡಿನ ಒಂದು ಅನಿಮೇಷನ್. ಅದನ್ನು ಕತ್ತರಿಸಿ ನನ್ನ ಪಾಠದೊಳಗೆ ಇಟ್ಟುಕೊಳ್ಳುವುದು ಸುಲಭವಲ್ಲ. ನಾನು ಮಾಡುವುದು ಏನೆಂದರೆ ಎರಡನೇ ನಿಮಿಷದಿಂದ ಹಾಕಿ, ಸೌಂಡ್ ಮ್ಯೂಟ್ ಮಾಡಿ, ಮೇಲೆ ನಾನೇ ಮಾತಾಡುವುದು. ಮಕ್ಕಳಿಗೂ ಅದೇ ಇಷ್ಟ.

ಕೆಒಇಆರ್ ಅಂದರೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು. ಡಿಎಸ್‌ಇಆರ್‌ಟಿ (ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆ) ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ, ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರನ್ನೇ ಕೂರಿಸಿಕೊಂಡು ಕಟ್ಟಿದ್ದು. ವಿಕಿಪೀಡಿಯ ನೋಡಿದ್ದೀರಲ್ಲ, ಹಾಗೇ ಕಾಣುತ್ತದೆ. ಅದೇ ಸಾಫ್ಟ್‌ವೇರ್ ಮೇಲೆ ನಿಂತಿದೆ. ಕನ್ನಡದ ಪುಟ ಬೇರೆ, ಇಂಗ್ಲಿಷಿನದು ಬೇರೆ. ಪಾಠದ ಉದ್ದೇಶ, ಪರಿಕಲ್ಪನಾ ನಕ್ಷೆ, ಚಟುವಟಿಕೆ, ಜಿಯೋಜಿಬ್ರಾ (ಗಣಿತದ ಆಕೃತಿ ಬರೆದು ಅಲ್ಲಾಡಿಸಿ ನೋಡುವ ಸಾಫ್ಟ್‌ವೇರ್) ಫೈಲು ಹೀಗೆ ಬಿಡಿಬಿಡಿಯಾಗಿ ಸಿಗುತ್ತದೆ.

ದೀಕ್ಷಾ ಬಡಿಸಿಟ್ಟ ಎಲೆ ಊಟವಾದರೆ ಇದು ಸಂತೆ. ತಿರುಗಬೇಕು, ಆರಿಸಬೇಕು, ಚೀಲಕ್ಕೆ ಹಾಕಿಕೊಂಡು ಬಂದು ಅಡುಗೆ ನೀವೇ ಮಾಡಬೇಕು. ಒಂದು ಪುಟ ತುಂಬಿ ತುಳುಕುತ್ತದೆ, ಇನ್ನೊಂದರಲ್ಲಿ ಬರೀ ತಲೆಬರಹ. ಟೈಮ್ ಇಲ್ಲದವರಿಗೆ ಇದು ಕಿರಿಕಿರಿ. ಆದರೆ ಇಲ್ಲಿರುವುದು ಅಕ್ಷರ. ಕಾಪಿ ಮಾಡಬಹುದು, ತಿದ್ದಬಹುದು, ನಿಮ್ಮ ಊರಿನ ಉದಾಹರಣೆ ಸೇರಿಸಿ ಪ್ರಿಂಟ್ ತೆಗೆಯಬಹುದು. ಲೈಸೆನ್ಸೇ ಹಾಗೆ ಮಾಡಿ ಅನ್ನುತ್ತದೆ. ಪಾಠ ಯೋಜನೆ ಬರೆಯುವಾಗ ನಾನು ಮೊದಲು ತೆರೆಯುವುದು ಇದನ್ನೇ. ತರಗತಿಯಲ್ಲಿ ಮಾತ್ರ ಎಂದೂ ತೆರೆದಿಲ್ಲ. ಬೇಗ ಬೇಕಾದರೆ ದೀಕ್ಷಾ, ನಿಮ್ಮದೇ ಆಗಬೇಕಾದರೆ ಕೆಒಇಆರ್. ಯಾವಾಗ ಬೇಗ ಬೇಕು ಅನ್ನೋದು ನಿಮ್ಮ ವೇಳಾಪಟ್ಟಿಗೇ ಗೊತ್ತು.

ಬ್ಯಾಟರಿಗೆ ಬೆಂಕಿ ಬಿದ್ದ ಪಾಠ

ವಿಜ್ಞಾನದವರಿಗೆ ಇದು ಮುಖ್ಯ, ಸ್ವಲ್ಪ ಉದ್ದ ಹೇಳುತ್ತೇನೆ.

ಫೆಟ್ ಅಂತ ಒಂದು ತಾಣ ಇದೆ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ್ದು. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಲ್ಲಿ ಶುರುಮಾಡಿದ್ದು. ಅದರಲ್ಲಿ ವಿಡಿಯೋ ಇಲ್ಲ, ಆಟ ಇದೆ. ಮಕ್ಕಳು ಬೆರಳಲ್ಲಿ ಎಳೆದು, ಜೋಡಿಸಿ, ಏನಾಗುತ್ತದೆ ನೋಡುವ ಸಿಮ್ಯುಲೇಷನ್‌ಗಳು. ಕೆಲವನ್ನು ಸ್ವಯಂಸೇವಕರು ಕನ್ನಡಕ್ಕೂ ತಂದಿದ್ದಾರೆ. ಭಾಷೆ ಕನ್ನಡ ಅಂತ ಆರಿಸಿದರೆ ಅವು ಮಾತ್ರ ಕಾಣುತ್ತವೆ. ಎಲ್ಲವೂ ಸಿಗೋದಿಲ್ಲ. ಸಿಗದಿದ್ದರೂ ನಷ್ಟವಿಲ್ಲ, ಪರದೆ ಮೇಲೆ ಓದುವುದು ಕಡಿಮೆ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಅಲ್ಲಿನ ಮಂಡಲ ಜೋಡಿಸುವ ಕಿಟ್ ತೆಗೆದುಕೊಳ್ಳಿ. ವೈರು, ಬ್ಯಾಟರಿ, ಬಲ್ಬು, ಸ್ವಿಚ್ಚು, ಅಮ್ಮೀಟರ್ ಎಲ್ಲ ಇವೆ. ಟಿವಿ ಮೇಲೆ ಹಾಕಿ ಒಬ್ಬನನ್ನು ಮುಂದೆ ಕರೆದರೆ ಅವನು ಮಾಡುವ ಮೊದಲ ಕೆಲಸ ಬ್ಯಾಟರಿಯ ಎರಡೂ ತುದಿಗೆ ನೇರ ವೈರು ಹಾಕುವುದು. ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಇಡೀ ಕ್ಲಾಸು ಹೋ ಅನ್ನುತ್ತದೆ. ಹ್ರಸ್ವ ಮಂಡಲ (ಶಾರ್ಟ್ ಸರ್ಕ್ಯೂಟ್) ಅನ್ನುವ ಪದವನ್ನು ಆಮೇಲೆ ನಾನಾಗಿಯೇ ಎತ್ತಬೇಕಾಗಿ ಬರಲಿಲ್ಲ. "ಬೆಂಕಿ ಬಿದ್ದಿದ್ದಕ್ಕೆ ಹೆಸರೇನು ಸಾ?" ಅಂತ ಅವರೇ ಕೇಳಿದರು.

ಹಾಗಂತ ಪುಸ್ತಕದ ಪ್ರಯೋಗ ಬಿಡಬೇಡಿ. ಪುಸ್ತಕದಲ್ಲಿ ಅರ್ಧ ಮೀಟರ್ ನಿಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಕೋಶ ಇಟ್ಟುಕೊಂಡು ಓಮ್‌ನ ನಿಯಮ ನೋಡುವ ಚಟುವಟಿಕೆ ಇದೆ. ಒಂದು ಕೋಶ, ಎರಡು ಕೋಶ ಅಂತ ಸೇರಿಸುತ್ತಾ ಹೋಗಿ ಅಳತೆ ಬರೆಯುವುದು. ಸಿಮ್ಯುಲೇಷನ್‌ನಲ್ಲಿ ಅಂಕಿ ನುಣ್ಣಗೆ ಬರುತ್ತವೆ, ಗ್ರಾಫ್ ಹಗ್ಗ ಎಳೆದ ಹಾಗೆ ನೇರ. ನಮ್ಮ ಲ್ಯಾಬಿನಲ್ಲಿ ಅಮ್ಮೀಟರ್ ಎರಡಿವೆ, ಒಂದರ ಮುಳ್ಳು ಸೊನ್ನೆಗೆ ವಾಪಸ್ ಬರೋದೇ ಇಲ್ಲ. ಅಲ್ಲಿ ಬರುವ ಬಿಂದುಗಳು ಗೆರೆಯ ಆಚೆ ಈಚೆ ಚದುರುತ್ತವೆ. ಆ ಚದುರಿದ ಬಿಂದುಗಳ ನಡುವೆ ಗೆರೆ ಎಳೆಯಲು ಕಲಿಯುವುದೇ ವಿಜ್ಞಾನ ಅಲ್ವಾ? ನಾನು ಮೊದಲ ದಿನ ಪರದೆ, ಎರಡನೇ ದಿನ ತಂತಿ ಮಾಡುತ್ತೇನೆ. ಎರಡೂ ಗ್ರಾಫ್ ನೋಟ್‌ಬುಕ್‌ನ ಒಂದೇ ಹಾಳೆಯಲ್ಲಿ.

ಬದಲಾಯಿಸಬಹುದಾ ಅನ್ನೋ ಪ್ರಶ್ನೆಗೆ ಫೆಟ್ ಅರ್ಧ ಮಾತ್ರ ಪಾಸು. ಸಿಮ್ಯುಲೇಷನ್ ಒಳಗೆ ನೀವು ಕೈ ಹಾಕಲು ಆಗದು. ಅದರ ಜೊತೆ ಕೊಡುವ ಪ್ರಶ್ನೆ ಹಾಳೆ ಪೂರ್ತಿ ನಿಮ್ಮ ಕೈಯಲ್ಲಿದೆ. ಹಾಳೆ ಇಲ್ಲದೆ ಬಿಟ್ಟರೆ ಮಾತ್ರ ನಲವತ್ತು ನಿಮಿಷವೂ ಬೆಂಕಿ ಹಚ್ಚುತ್ತಲೇ ಇರುತ್ತಾರೆ.

ಗಣಿತಕ್ಕೆ ಇದರ ಜೋಡಿ ಜಿಯೋಜಿಬ್ರಾ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರುಮಾಡಿದ್ದು. ಬದಲಾಯಿಸುವ ಮಾತಿಗೆ ಬಂದರೆ ಇದು ಫೆಟ್‌ಗಿಂತ ಒಂದು ಕೈ ಮೇಲು. ಇನ್ನೊಬ್ಬರು ಮಾಡಿದ ಫೈಲ್ ತೆರೆದು, ಬಿಂದು ಅಳಿಸಿ, ಹೆಸರನ್ನು ಕನ್ನಡದಲ್ಲಿ ಬರೆದು ಉಳಿಸಿಕೊಳ್ಳಬಹುದು. ಥೇಲ್ಸ್ ಪ್ರಮೇಯಕ್ಕೆ ತ್ರಿಭುಜದ ಶೃಂಗ ಹಿಡಿದು ಎಳೆಯುತ್ತಾ ಹೋಗಿ, ಅನುಪಾತ ಮಾತ್ರ ಅಲ್ಲಾಡೋದಿಲ್ಲ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಇದನ್ನು ತೋರಿಸಲು ಹತ್ತು ತ್ರಿಭುಜ ಬರೆಯಬೇಕು. ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಬೇಡ. ಕಲಿಯಲು ಮಾತ್ರ ಒಂದೆರಡು ಶನಿವಾರ ಮಧ್ಯಾಹ್ನ ಹೋಗುತ್ತವೆ, ಮನೆಯಲ್ಲಿ ಬೈಸಿಕೊಳ್ಳಲು ತಯಾರಿರಿ.

ಕಂಪ್ಯೂಟರೂ ಇಲ್ಲ, ಟಿವಿಯೂ ಇಲ್ಲ ಅನ್ನುವವರು ಅರವಿಂದ ಗುಪ್ತಾ ಅವರ ತಾಣಕ್ಕೆ ಹೋಗಿ. ಕಸದಿಂದ ರಸ ತೆಗೆಯುವ ಮನುಷ್ಯ. ಐಐಟಿ ಕಾನ್ಪುರದಲ್ಲಿ ಓದಿದವರು, 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನ ತುಂಡು ಸಾಕು, ತ್ರಿಭುಜ ಯಾಕೆ ಗಟ್ಟಿ, ಚೌಕ ಯಾಕೆ ವಾಲಾಡುತ್ತದೆ ಅಂತ ಕೈಗೇ ಗೊತ್ತಾಗುತ್ತದೆ. ವಿಡಿಯೋದ ಭಾಷೆ ಅರ್ಥವಾಗದಿದ್ದರೂ ಅವರ ಕೈ ನೋಡಿದರೆ ಸಾಕು. ಮನೆಯಲ್ಲಿ ಒಮ್ಮೆ ನೋಡಿ ಬಂದರೆ ತರಗತಿಗೆ ಫೋನೂ ಬೇಡ.

ಖಾನ್ ಅಕಾಡೆಮಿ: ಯಾರಿಗೆ ಸರಿ, ಯಾರಿಗೆ ಅಲ್ಲ

ವಿಡಿಯೋ ಪಾಠ, ಅಭ್ಯಾಸದ ಲೆಕ್ಕ ಕೊಡುವ ತಾಣ. 2008ರಿಂದ ಇರುವ, ಲಾಭಕ್ಕೆ ಅಲ್ಲದ ಸಂಸ್ಥೆ. ಗಣಿತ ಕನ್ನಡದಲ್ಲೂ ಸಿಗುತ್ತದೆ. ವಿಡಿಯೋಗಿಂತ ಅದರ ಅಭ್ಯಾಸದ ಲೆಕ್ಕಗಳು ಗಟ್ಟಿ. ತಪ್ಪಾದರೆ ಸುಳಿವು ಕೊಡುತ್ತದೆ, ಮೇಷ್ಟ್ರು ತರಗತಿ ತೆರೆದರೆ ಯಾವ ಮಗು ಎಲ್ಲಿ ಎಡವಿತು ಅಂತ ತೋರಿಸುತ್ತದೆ. ಕಂಪ್ಯೂಟರ್ ಲ್ಯಾಬ್ ಚೆನ್ನಾಗಿರುವ, ಮನೆಯಲ್ಲಿ ಮಕ್ಕಳಿಗೊಂದು ಟ್ಯಾಬ್ ಇರುವ ಮೈಸೂರಿನ ಶಾಲೆಗಳಿಗೆ ಇದಕ್ಕಿಂತ ಒಳ್ಳೆಯದು ಹೇಳಲಾರೆ.

ನಮ್ಮಲ್ಲಿ ಮನೆಗೊಂದು ಫೋನು. ಅದು ಅಪ್ಪನ ಜೇಬಿನಲ್ಲಿ ಗದ್ದೆಗೆ ಹೋಗಿರುತ್ತದೆ. ಮಗುವಿಗೊಂದು ಪರದೆ ಇಲ್ಲದ ಕಡೆ ಈ ತಾಣದ ಅರ್ಧ ಶಕ್ತಿ ವ್ಯರ್ಥ. ನಾನು ಅದನ್ನು ನನ್ನ ತಯಾರಿಗೆ ಇಟ್ಟುಕೊಂಡಿದ್ದೇನೆ. ಬಸ್ಸಿನಲ್ಲಿ ಕೂತು ಒಂದು ಪಾಠ ನೋಡಿಕೊಂಡರೆ, ಇದನ್ನು ಹೀಗೂ ಹೇಳಬಹುದಲ್ಲ ಅಂತ ಹೊಳೆಯುತ್ತದೆ.

ಒಂದು ಎಚ್ಚರಿಕೆ, ಇದು ಹೊರಗಿನಿಂದ ಬರುವ ಎಲ್ಲ ಕನ್ನಡ ವಿಡಿಯೋಗಳಿಗೂ ಸೇರಿ. ಪದ ನೋಡಿಕೊಳ್ಳಿ. ನಮ್ಮ ಪುಸ್ತಕ ವಿಭವಾಂತರ ಅಂದರೆ ವಿಡಿಯೋ ವೋಲ್ಟೇಜ್ ಅನ್ನಬಹುದು. ಪುಸ್ತಕ ಪ್ರತ್ಯಾಮ್ಲ ಅಂದರೆ ಅವರು ಬೇಸ್ ಅನ್ನಬಹುದು. ದೊಡ್ಡವರಿಗೆ ಎರಡೂ ಒಂದೇ. ಹತ್ತನೇ ಕ್ಲಾಸಿನ ಹುಡುಗಿ ಪರೀಕ್ಷೆಯಲ್ಲಿ ಪ್ರಶ್ನೆ ಓದಿ, "ಇದು ನಮಗೆ ಮಾಡಿಲ್ಲ" ಅಂತ ಬಿಟ್ಟು ಬರುತ್ತಾಳೆ. ನಾನು ವಿಡಿಯೋ ಹಾಕುವ ಮೊದಲು ಬೋರ್ಡಿನ ಮೂಲೆಯಲ್ಲಿ ಎರಡು ಸಾಲು ಪದ ಬರೆದಿಡುತ್ತೇನೆ. ಅವರು ಹೇಳೋದು, ನಮ್ಮ ಪುಸ್ತಕದ್ದು. ಅನುಮಾನ ಬಂದರೆ ಭಾರತವಾಣಿ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಶುರುಮಾಡಿದ್ದು, ಕನ್ನಡದ ನಿಘಂಟು, ಪದಕೋಶಗಳನ್ನು ಅದರಲ್ಲಿ ಹುಡುಕಬಹುದು. ಮೈಸೂರಿನವರೇ ಎಷ್ಟೋ ಮಂದಿ ಇದನ್ನು ತೆರೆದು ನೋಡಿಲ್ಲ.

ಚಿಕ್ಕ ಮಕ್ಕಳ ಮೇಷ್ಟ್ರಿಗೆ

ಇಲ್ಲಿಂದ ಮಾತು ಅಕ್ಕನದು. ಒಂದರಿಂದ ಮೂರನೇ ತರಗತಿಗೆ ಮೇಲೆ ಹೇಳಿದ ಯಾವುದೂ ಬೇಡ ಅಂತಾಳೆ ಅವಳು. ಅವರಿಗೆ ಬೇಕಾದದ್ದು ಕಥೆ. ಅದಕ್ಕೆ ಸ್ಟೋರಿವೀವರ್. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು, ಸಾಕ್ಷರತಾ ದಿನ, ತೆರೆದ ತಾಣ. ಚಿತ್ರಕಥೆಗಳು, ಓದುವ ಕಷ್ಟಕ್ಕೆ ತಕ್ಕ ಹಾಗೆ ನಾಲ್ಕು ಹಂತ. ಕನ್ನಡದಲ್ಲಿ ಬೇಕಾದಷ್ಟಿವೆ. ಪಿಡಿಎಫ್ ಇಳಿಸಿ ಪ್ರಿಂಟ್ ಹಾಕಬಹುದು.

ಅವಳಿಗೆ ಅದು ಇಷ್ಟವಾಗಲು ಬೇರೆ ಎರಡು ಕಾರಣ ಇವೆ. ಅವಳ ಕ್ಲಾಸಿನಲ್ಲಿ ಮನೆಯಲ್ಲಿ ಉರ್ದು ಆಡುವ ಮಕ್ಕಳಿದ್ದಾರೆ, ತಮಿಳು ಆಡುವವರಿದ್ದಾರೆ. ಒಂದೇ ಕಥೆ, ಅದೇ ಚಿತ್ರ, ಮೂರೂ ಭಾಷೆಯಲ್ಲಿ ಸಿಕ್ಕಿದರೆ ಮಗು ಮೊದಲು ತನ್ನ ಮನೆಮಾತಿನಲ್ಲಿ ಕೇಳಿಕೊಂಡು, ಆಮೇಲೆ ಕನ್ನಡದ್ದನ್ನು ಧೈರ್ಯವಾಗಿ ಹಿಡಿಯುತ್ತದೆ. ಅಮ್ಮಂದಿರನ್ನೇ ಒಂದು ದಿನ ಕರೆಸಿ ಓದಿಸಿದಳಂತೆ. ಒಬ್ಬ ತಾಯಿ ಶಾಲೆಯ ಒಳಗೆ ಬಂದು ಕೂತದ್ದು ಅದೇ ಮೊದಲು.

ಎರಡನೆಯದು, ಆ ಕಥೆಗಳನ್ನು ಬದಲಾಯಿಸಲು ತಾಣವೇ ದಾರಿ ಕೊಡುತ್ತದೆ. ಲಾಗಿನ್ ಆಗಿ, ಅನುವಾದ ಮಾಡಬಹುದು, ಹಂತ ಇಳಿಸಿ ಬರೆಯಬಹುದು, ಅಲ್ಲಿರುವ ಚಿತ್ರ ತೆಗೆದುಕೊಂಡು ಹೊಸ ಕಥೆ ಕಟ್ಟಬಹುದು. ಮೂಲ ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಗೇ ಉಳಿಯುತ್ತದೆ.

ಇದನ್ನು ಕೇಳಿ ನಾನು ಹೊಸದೇನು ಅಂದೆ. "ನಲಿ-ಕಲಿ ಹುಟ್ಟಿದ್ದೆಲ್ಲಿ ಹೇಳು ನೋಡೋಣ" ಅಂದಳು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಯುನಿಸೆಫ್ ನೆರವಿತ್ತು, ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ಕಣ್ಣ ಮುಂದಿತ್ತು. ಕಾರ್ಡು ಬರೆದವರು, ಹಾಡು ಕಟ್ಟಿದವರು ಮೇಷ್ಟ್ರುಗಳೇ. ಬೇರೆ ಕಡೆಯದನ್ನು ನೋಡಿ ಬಂದು ತಮ್ಮ ಕಾಡಂಚಿನ ಮಕ್ಕಳಿಗೆ ಹೊಂದಿಸಿಕೊಂಡರು. ನೆಟ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಆ ಹಬ್ಬದ ವಾದದಲ್ಲಿ ಅವಳೇ ಗೆದ್ದಳು.

ಪರೀಕ್ಷೆ ಹತ್ತಿರ ಬಂದರೆ

ಇಲ್ಲಿ ಹೋಲಿಕೆಯೇ ಇಲ್ಲ. ಪಠ್ಯಪುಸ್ತಕದ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ, ಮಾದರಿ ಪ್ರಶ್ನೆಪತ್ರಿಕೆ ಪರೀಕ್ಷಾ ಮಂಡಳಿಯ ತಾಣದಲ್ಲಿ. ಬೇರೆ ಎಲ್ಲೂ ಹುಡುಕಬೇಡಿ. ಖಾಸಗಿಯವರು ಅದನ್ನೇ ಎತ್ತಿಕೊಂಡು ಮೇಲೆ ತಮ್ಮ ಮೊಹರು ಒತ್ತಿ, ಸುತ್ತ ಜಾಹೀರಾತು ತುಂಬಿ ಕೊಡುತ್ತಾರೆ. ಯಾವ ವರ್ಷದ್ದು ಅನ್ನೋದನ್ನೂ ಅಳಿಸಿರುತ್ತಾರೆ.

ಪುಕ್ಕಟೆ ಅಂದರೆ ಎಷ್ಟು ಪುಕ್ಕಟೆ?

ಒಮ್ಮೆ ಒಂದು ತಾಣದಲ್ಲಿ ರಸಾಯನಶಾಸ್ತ್ರದ ಚಾರ್ಟ್ ಇಳಿಸಲು ಫೋನ್ ನಂಬರ್ ಕೊಟ್ಟೆ. ಶಾಲೆಯ ಹೆಸರು, ಮಕ್ಕಳ ಸಂಖ್ಯೆ ಕೇಳಿತು, ಅದನ್ನೂ ಕೊಟ್ಟೆ. ಮೂರನೇ ದಿನದಿಂದ ಫೋನು. "ಸರ್, ನಿಮ್ಮ ಶಾಲೆಗೆ ಸ್ಪೆಷಲ್ ಪ್ಯಾಕೇಜ್ ಇದೆ." ಪಾಠದ ಮಧ್ಯೆ, ಊಟದ ಮಧ್ಯೆ, ಒಂದು ಸಲ ತಿಥಿ ಮನೆಯಲ್ಲಿ. ಆ ಚಾರ್ಟಿನ ಮೇಲೆ ಅಡ್ಡಡ್ಡಕ್ಕೆ ಅವರ ಹೆಸರು ಬೇರೆ, ಪ್ರಿಂಟ್ ಹಾಕಿದರೆ ಅದೇ ಎದ್ದು ಕಾಣುತ್ತಿತ್ತು.

ಆಮೇಲೆ ನಾನು ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಮೊದಲು ಪುಟದ ಕೊನೆಗೆ ಇಳಿದು ಲೈಸೆನ್ಸ್ ನೋಡುತ್ತೇನೆ. ಕ್ರಿಯೇಟಿವ್ ಕಾಮನ್ಸ್ ಅಂತ ಇದ್ದರೆ, ಅಂದರೆ ಷರತ್ತು ಪಾಲಿಸಿ ಬಳಸಿಕೊಳ್ಳಿ ಅಂತ ಬರೆದವರೇ ಕೊಟ್ಟ ಅನುಮತಿ, ಜೀವ ತಂಪಾಗುತ್ತದೆ. ಅದರಲ್ಲೂ ಬಗೆ ಇವೆ. ಹೆಸರು ಹೇಳಿ ಏನು ಬೇಕಾದರೂ ಮಾಡಿ ಅನ್ನುವುದು ಒಂದು, ಸ್ಟೋರಿವೀವರ್ ಹಾಗೆ. ಬದಲಾಯಿಸಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿ ಅನ್ನುವುದು ಇನ್ನೊಂದು, ವಿಕಿಪೀಡಿಯ ಹಾಗೆ. ಮಾರಬೇಡಿ ಅನ್ನುವುದು ಮತ್ತೊಂದು, ಖಾನ್ ಅಕಾಡೆಮಿ ಈ ಗುಂಪಿಗೆ ಸೇರಿದ್ದು. ಬದಲಾಯಿಸಲೇಬೇಡಿ ಅನ್ನುವುದೂ ಇದೆ, ಅದನ್ನು ನಾನು ಅಲ್ಲೇ ಬಿಟ್ಟು ಬರುತ್ತೇನೆ.

ಲೈಸೆನ್ಸ್ ಇಲ್ಲದ ಚಿತ್ರ ಒಂದನ್ನು ಪಾಠದಲ್ಲಿ ತೋರಿಸಿದರೆ ಪೊಲೀಸರೇನೂ ಬರೋದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪಾಠ ಹೇಳುವ ಸಂದರ್ಭದಲ್ಲಿ ಮೇಷ್ಟ್ರಿಗೂ ಮಕ್ಕಳಿಗೂ ಪ್ರತಿ ಮಾಡಿಕೊಳ್ಳಲು ವಿನಾಯಿತಿ ಕೊಟ್ಟಿದೆ, ಪ್ರಶ್ನೆಪತ್ರಿಕೆಗೂ ಕೊಟ್ಟಿದೆ. ಆದರೆ ಅದೇ ಚಿತ್ರ ಹಾಕಿ ಪುಸ್ತಕ ಮಾಡಿ ಮಾರಿದರೆ, ಯೂಟ್ಯೂಬಿಗೆ ಏರಿಸಿದರೆ ಆ ವಿನಾಯಿತಿ ಕಾಯುತ್ತದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಈಗ ಮೇಷ್ಟ್ರಿಗೊಂದು ಚಾನೆಲ್ ಇದೆ, ಅದಕ್ಕೇ ಹೇಳಿದೆ.

ಮಕ್ಕಳ ಹೆಸರು, ಹುಟ್ಟಿದ ದಿನ, ಪೋಷಕರ ನಂಬರ್ ಕೇಳುವ ಯಾವ ತಾಣಕ್ಕೂ ಸುಮ್ನೆ ತುಂಬಿ ಕೊಡಬೇಡಿ. ದತ್ತಾಂಶ ರಕ್ಷಣೆಗೆಂದೇ 2023ರಲ್ಲಿ ಬಂದ ಕಾಯ್ದೆ 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಖಾನ್‌ನಂಥ ತಾಣದಲ್ಲಿ ತರಗತಿ ತೆರೆಯುವ ಮುಂಚೆ ಪೋಷಕರ ಸಭೆಯಲ್ಲಿ ಒಂದು ಮಾತು ಹೇಳಿಬಿಡಿ.

ನುಡಿ ಫಾಂಟಿನ ಗೋಳು

ಬೇರೆ ರಾಜ್ಯದವರಿಗೆ ಅರ್ಥವಾಗದ, ನಮ್ಮದೇ ಒಂದು ಸಂಕಟ ಇದೆ. ಹಿರಿಯ ಮೇಷ್ಟ್ರೊಬ್ಬರು ಇಪ್ಪತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟರು. ಬಂಗಾರದಂಥ ಪ್ರಶ್ನೆಗಳು. ಫೋನಿನಲ್ಲಿ ತೆರೆದರೆ ಅಕ್ಷರದ ಬದಲು ಹುಳಹುಪ್ಪಟೆ. ಎಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಕಾಲದಲ್ಲಿ ಕನ್ನಡ ಅಕ್ಷರದ ಚಿತ್ರವನ್ನು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸುತ್ತಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಯೂನಿಕೋಡ್ ಹಾಗಲ್ಲ, ಎಲ್ಲಿ ತೆರೆದರೂ ಕನ್ನಡವೇ.

ಹಾಗಾಗಿ ತಾಣ ಆರಿಸುವಾಗ ನಾನು ಮಾಡುವ ಪರೀಕ್ಷೆ ಸಣ್ಣದು. ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ನನಗೇ ಕಳಿಸಿಕೊಳ್ಳುತ್ತೇನೆ. ಓದಲು ಬಂದರೆ ಅದು ತಿದ್ದಲು ಬರುತ್ತದೆ. ವಿಕಿ ಮಾದರಿಯ ತಾಣಗಳೆಲ್ಲ ಇದರಲ್ಲಿ ಪಾಸು. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು, ಹಳೆ ಫಾಂಟಿನವು ಫೇಲು. ಹಳೆಯದನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಗಣಿತದ ಚಿಹ್ನೆಗಳನ್ನು ಮಾತ್ರ ಕೂತು ನೋಡಲೇಬೇಕು. ನಾನೊಮ್ಮೆ ನೋಡದೆ ಪ್ರಿಂಟ್ ಹಾಕಿ, ವರ್ಗಮೂಲದ ಚಿಹ್ನೆಯೆಲ್ಲ ಪ್ರಶ್ನಾರ್ಥಕವಾಗಿ ಬಂದಿತ್ತು. ಮಕ್ಕಳು ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಯಾಕೆ ಅಂತ ಕೇಳಿದರು.

ನೆಟ್ ಬಗ್ಗೆ ಒಂದೇ ಮಾತು. ತರಗತಿಯಲ್ಲಿ ನೆಟ್ ಇರುತ್ತದೆ ಅಂತ ನಂಬಿ ಯಾವ ಪಾಠವನ್ನೂ ಕಟ್ಟಬೇಡಿ. ಮನೆಯಲ್ಲಿ ಇಳಿಸಿಕೊಳ್ಳಿ, ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ಟಿವಿಗೆ ಚುಚ್ಚಿ ಒಮ್ಮೆ ನೋಡಿಕೊಳ್ಳಿ. ದೀಕ್ಷಾದ್ದು ಆ್ಯಪ್ ಒಳಗೇ ಓಡುತ್ತದೆ, ಪೆನ್‌ಡ್ರೈವ್‌ಗೆ ಸರಾಗವಾಗಿ ಬರೋದಿಲ್ಲ. ಫೋನನ್ನೇ ಟಿವಿಗೆ ಜೋಡಿಸಬೇಕು. ಕರೆಂಟು ಹೋದರೆ ಬೆಂಕಿಕಡ್ಡಿ, ವಾಲ್ವ್ ಟ್ಯೂಬು ಇವೆಯಲ್ಲ.

ಕಳೆದ ವಾರ ಅಕ್ಕ ಫೋನ್ ಮಾಡಿದ್ದಳು. ಬೆಲ್ಲದ ಮೇಲೆ ಒಂದು ಪುಟ್ಟ ಕಥೆ ಬರೆದಿದ್ದಾಳೆ, ಆಲೆಮನೆಯ ಚಿತ್ರ ಬೇಕು, ಯಾವ ತಾಣದಲ್ಲಿ ಸಿಗುತ್ತದೆ ಅಂತ. ಮುಕ್ತವಾಗಿ ಬಳಸಬಹುದಾದ ಚಿತ್ರಗಳಿರುವ ವಿಕಿಮೀಡಿಯ ಕಾಮನ್ಸ್ ಹುಡುಕು ಅಂದೆ. ಆಮೇಲೆ ನನಗೇ ನಗು ಬಂತು. ಶಾಲೆ ಹಿಂದೆಯೇ ಆಲೆಮನೆ ಇದೆ. ಶನಿವಾರ ಶಾಲೆ ಬಿಟ್ಟ ಮೇಲೆ ಒಂಬತ್ತನೇ ಕ್ಲಾಸಿನ ಐದಾರು ಮಕ್ಕಳನ್ನು ಕರೆದುಕೊಂಡು ಹೋದೆ. ಕೊಪ್ಪರಿಗೆ, ಹೊಗೆ, ಅಚ್ಚಿಗೆ ಹೊಯ್ಯುವುದು, ಎಲ್ಲ ಅವರೇ ನನ್ನ ಫೋನಿನಲ್ಲಿ ತೆಗೆದರು. ಎಳೆ ಕಬ್ಬಿನ ಹುಡುಗನ ಅಪ್ಪ ಎಲ್ಲರ ಕೈಗೂ ಒಂದೊಂದು ಚೂರು ಬಿಸಿ ಬೆಲ್ಲ ಇಟ್ಟರು. ಚಿತ್ರಗಳನ್ನು ಅಕ್ಕನಿಗೆ ಕಳಿಸಿದ್ದೇನೆ. ಫೋಟೋ ತೆಗೆದವರ ಹೆಸರು ಏನಂತ ಹಾಕಲಿ ಅಂತ ಕೇಳಿದ್ದಾಳೆ. ಸೋಮವಾರ ಮಕ್ಕಳನ್ನೂ ಅವರ ಮನೆಯವರನ್ನೂ ಕೇಳಿ ಹೇಳುತ್ತೇನೆ ಅಂದಿದ್ದೇನೆ.